ಹಲಸಿ: ಪೂಜೆಯ ಲೆಕ್ಕ ಬರೆದಿಟ್ಟ ಊರು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿರುವ ಹಲಸಿ ಇಂದು ಒಂದು ಸಾಧಾರಣ ಹಳ್ಳಿ. ಬೆಳಗಾವಿ ನಗರದಿಂದ ಸುಮಾರು 40 ಕಿ.ಮೀ. ದೂರ. ಐದನೆಯ ಶತಮಾನದ ತಾಮ್ರಪಟಗಳಲ್ಲಿ ಇದರ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಾಗಿತ್ತು. ಅವರಾದ ಐದಾರು ಶತಮಾನಗಳ ಮೇಲೆ ಗೋವೆಯ ಕದಂಬರು ಆಳಿದಾಗ ಪಲಸಿಗೆ-12000 ಎಂಬ ನಾಡಿಗೆ ಇದೇ ಕೇಂದ್ರ. ಇಷ್ಟು ದೀರ್ಘ ಚರಿತ್ರೆಯ ಊರಿನಲ್ಲಿ ಈಗ ಜನರನ್ನು ದೂರದಿಂದ ಕರೆತರುವುದು ಮುಖ್ಯವಾಗಿ ಭೂವರಾಹ ನರಸಿಂಹ ದೇವಸ್ಥಾನ. ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ ರೂಪುಗೊಂಡ ಈ ಗುಡಿಯಲ್ಲಿ ಪೂಜೆ ಇಂದಿಗೂ ನಡೆದಿದೆ.

ಬೆಳಗಾವಿಯಿಂದ ಗೋವೆಯತ್ತ ಹೋಗುವ ಹೆದ್ದಾರಿಯಲ್ಲಿ ಖಾನಾಪುರ ಸಿಗುತ್ತದೆ. ಲೋಂಡಾ ಮಾರ್ಗದ ರೈಲುಗಳೂ ಖಾನಾಪುರದ ಮೇಲೆಯೇ ಹಾಯುತ್ತವೆ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪಟ್ಟಣದ ಮಗ್ಗುಲಲ್ಲೇ ಹರಿಯುತ್ತಾಳೆ. ಅಲ್ಲಿಂದ ಹಲಸಿಗೆ ಹೋಗುವವರು ನಂದಗಡ ದಾಟುತ್ತಾರೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ ಊರು ಅದು. ಅಲ್ಲಿನ ಆಲದ ಮರ, ಸಮಾಧಿಗಳಿಗೆ ಕೈಮುಗಿದು ಮುಂದೆ ಸಾಗುವುದು ಈ ದಾರಿಯವರ ರೂಢಿ. ತಾಲ್ಲೂಕಿನ ಪಶ್ಚಿಮಕ್ಕೆ ದಟ್ಟ ಕಾಡು ಮತ್ತು ಜಡಿಮಳೆ, ಪೂರ್ವಕ್ಕೆ ಹೋದಂತೆ ತೆರೆದ ಹೊಲಗಳು. ಇವೆರಡರ ನಡುವಿನ ಅಂಚಿನಲ್ಲಿ ಭತ್ತದ ಗದ್ದೆಗಳ ಮಧ್ಯೆ ಹಲಸಿ ಇದೆ. ಘಟ್ಟ ಇಳಿದರೆ ಕೊಂಕಣದ ಬಂದರುಗಳು, ಮೂಡಣಕ್ಕೆ ನಡೆದರೆ ಬಯಲುನಾಡು. ಎರಡೂ ಕಡೆಯ ದಾರಿಗಳ ಮೇಲೆ ಕಣ್ಣಿಡಬೇಕಾದ ಅರಸರಿಗೆ ಈ ಜಾಗ ಒಪ್ಪಿತವಾದದ್ದು ಸಹಜ.

ರಾಜಧಾನಿ ಎಂಬ ಮಾತು ಕೇಳಿ ಬಂದವರಿಗೆ ಇಲ್ಲಿ ಅರಮನೆ ಸಿಗುವುದಿಲ್ಲ. ಹಲಸಿಯ ಗತಕಾಲ ಉಳಿದಿರುವುದು ಗುಡಿಗಳಲ್ಲಿ ಮತ್ತು ಬರಹಗಳಲ್ಲಿ. ಬರಹಗಳಲ್ಲಿ ಅರಸರ ಶೌರ್ಯದ ವರ್ಣನೆ ಇದ್ದೇ ಇದೆ. ಆದರೆ ಅವನ್ನು ಬರೆಸಿದ ಉದ್ದೇಶ ಬೇರೆ. ದೇವರ ಸ್ನಾನಕ್ಕೆ ಯಾವ ಹೊಲದ ಆದಾಯ, ಹಬ್ಬಕ್ಕೆ ಯಾವ ಊರಿನ ಹುಟ್ಟುವಳಿ, ಮಳೆಗಾಲದಲ್ಲಿ ಸಾಧುಗಳಿಗೆ ಊಟ ಎಲ್ಲಿಂದ ಎಂಬುದನ್ನು ಗೊತ್ತುಮಾಡಲು ಬರೆಸಿದವು ಅವು. ಒಂದು ಆರಾಧನೆ ನೂರಾರು ವರ್ಷ ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ಹಲಸಿಯಷ್ಟು ಸ್ಪಷ್ಟವಾಗಿ ತೋರಿಸುವ ಊರುಗಳು ಕಡಿಮೆ.

ಊರ ಹೊರಗೆ ನಂದಗಡದ ದಾರಿಯಲ್ಲಿ ಚಕ್ರತೀರ್ಥವೆಂಬ ಸಣ್ಣ ಬಾವಿ. 19ನೆಯ ಶತಮಾನದಲ್ಲಿ ಅದರ ಬಳಿಯ ಮಣ್ಣಿನ ದಿಬ್ಬದಲ್ಲಿ ಕದಂಬರ ಏಳು ತಾಮ್ರಶಾಸನಗಳು ಸಿಕ್ಕವು. ಬಾಂಬೆ ಪ್ರಾಂತದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದ. ಆದಿ ಕದಂಬರ ವಂಶಾವಳಿಯನ್ನು ಜೋಡಿಸಲು ವಿದ್ವಾಂಸರಿಗೆ ಈ ತಗಡುಗಳು ದೊಡ್ಡ ಆಧಾರವಾದವು. ಭಾಷೆ ಸಂಸ್ಕೃತ. ದಾನಗಳು ಮುಖ್ಯವಾಗಿ ಜೈನ ಸಂಘ ಮತ್ತು ಜಿನಾಲಯಗಳಿಗೆ ಸಂಬಂಧಿಸಿದವು. ಇಂದು ವೈಷ್ಣವ ಕ್ಷೇತ್ರವೆಂದು ಹೆಸರಾದ ಊರಿನ ಅತ್ಯಂತ ಹಳೆಯ ಪೂಜಾ ದಾಖಲೆಗಳು ಜಿನೇಂದ್ರನ ಪೂಜೆಗೆ ಸೇರಿದವು.

ಇವುಗಳಲ್ಲಿ ಮೊದಲನೆಯದು ಕಾಕುಸ್ಥವರ್ಮ ಯುವರಾಜನಾಗಿದ್ದಾಗ ಪಲಾಶಿಕೆಯಿಂದ ಹೊರಡಿಸಿದ್ದು. ತನ್ನನ್ನು ಕಾಪಾಡಿದ್ದಕ್ಕಾಗಿ ಸೇನಾಪತಿ ಶ್ರುತಕೀರ್ತಿಗೆ ಅವನು ಖೇಟಗ್ರಾಮದಲ್ಲಿ ಹೊಲ ಕೊಟ್ಟ. ಕಾಕುಸ್ಥವರ್ಮನ ಮೊಮ್ಮಗ ಮೃಗೇಶವರ್ಮ ತಂದೆ ಶಾಂತಿವರ್ಮನ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, ತನ್ನ ಆಳ್ವಿಕೆಯ ಎಂಟನೆಯ ವರ್ಷದಲ್ಲಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಪಂಥಗಳ ಮುನಿಗಳಿಗೆ 33 ನಿವರ್ತನ ಭೂಮಿ ಬಿಟ್ಟ. ನಿವರ್ತನವೆಂದರೆ ಆ ಕಾಲದ ಭೂಮಿಯ ಅಳತೆ. ಮೃಗೇಶನ ಮಗ ರವಿವರ್ಮ ದಾಯಾದಿ ವಿಷ್ಣುವರ್ಮನನ್ನು ಕೊಂದು, ಕಂಚಿಯ ಚಂಡದಂಡನನ್ನು ಸೋಲಿಸಿ ಪಲಾಶಿಕೆಯಲ್ಲಿ ನೆಲೆಯೂರಿದ ಸಂಗತಿಯೂ ಒಂದು ದಾನಪತ್ರದಲ್ಲೇ ಬಂದಿದೆ. ರವಿವರ್ಮನ ತಮ್ಮ ಭಾನುವರ್ಮನ ಕಾಲದಲ್ಲಿ ಪಂಡರನೆಂಬ ಭೋಜಕ 15 ನಿವರ್ತನ ಕೊಟ್ಟದ್ದು ಹುಣ್ಣಿಮೆ ಹುಣ್ಣಿಮೆಗೆ ಜಿನನಿಗೆ ಅಭಿಷೇಕ ನಡೆಯಲೆಂದು. ರವಿವರ್ಮನ ಮಗ ಹರಿವರ್ಮನ ಶಾಸನಗಳೂ ಇದೇ ಬಗೆಯವು: ಸಿಂಹ ಸೇನಾಪತಿಯ ಮಗ ಕಟ್ಟಿಸಿದ ಜಿನಾಲಯದ ಪೂಜೆಗೆ ಒಂದು ಊರು, ಸೇಂದ್ರಕ ಅರಸ ಭಾನುಶಕ್ತಿಯ ಕೋರಿಕೆಯ ಮೇಲೆ ಮತ್ತೊಂದು ಊರು.

ಏಳರಲ್ಲಿ ಹೆಚ್ಚು ಗಮನ ಕೊಟ್ಟು ಓದಬೇಕಾದದ್ದು ರವಿವರ್ಮನ ಕಾಲದ ಒಂದು ಶಾಸನ. ಶ್ರುತಕೀರ್ತಿಯ ಭೂಮಿ ತಲೆಮಾರುಗಳಲ್ಲಿ ಕೈಬದಲಾದ ಬಗೆಯನ್ನು ಅದು ಹೇಳುತ್ತದೆ. ಕಾಕುಸ್ಥ ಕೊಟ್ಟದ್ದು ಮೃಗೇಶನ ಕಾಲಕ್ಕೆ ಅದೇ ಕುಟುಂಬದ ದಾಮಕೀರ್ತಿಯ ತಾಯಿಗೆ ಬರುತ್ತದೆ. ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ ರವಿವರ್ಮನಲ್ಲಿ ಪ್ರತೀಹಾರ, ಎಂದರೆ ಅರಮನೆಯ ದ್ವಾರಾಧಿಕಾರಿ. ಈ ಕುಟುಂಬದ ಕಥೆ ಮುಗಿದ ಮೇಲೆ ಅರಸನ ಕಟ್ಟಳೆ ಬರುತ್ತದೆ. ಪುರುಖೇಟಕ ಗ್ರಾಮದ ಆದಾಯದಿಂದ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ವರ್ಷವರ್ಷವೂ ಎಂಟು ದಿನದ ಹಬ್ಬ ಆಗಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ಮುನಿಗಳಿಗೆ ಆಹಾರ ಸಲ್ಲಬೇಕು. ಹಳ್ಳಿಗರೂ ಪಟ್ಟಣಿಗರೂ ಜಿನೇಂದ್ರನ ಪೂಜೆಯನ್ನು ಬಿಡದೆ ಮಾಡಬೇಕು. ಪೂಜೆ ನಡೆಯುವ ನಾಡು ಬೆಳೆಯುತ್ತದೆ, ಊರುಗಳಿಗೆ ಭಯವಿರುವುದಿಲ್ಲ, ಅರಸರಿಗೆ ಬಲ ಬರುತ್ತದೆ ಎಂಬ ಕಾರಣವನ್ನೂ ಶಾಸನ ಕೊಡುತ್ತದೆ.

ಖಾನಾಪುರದ ಮಳೆಗಾಲ ಕಂಡವರಿಗೆ ನಾಲ್ಕು ತಿಂಗಳ ಊಟದ ಏರ್ಪಾಟು ಎಷ್ಟು ಅಗತ್ಯವಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಹೊಳೆ ಹಳ್ಳ ತುಂಬಿ, ನೆಲವೆಲ್ಲ ಹುಳುಹುಪ್ಪಟೆಯಿಂದ ತುಂಬುವ ಆ ದಿನಗಳಲ್ಲಿ ಜೈನ ಮುನಿಗಳು ವಿಹಾರ ನಿಲ್ಲಿಸಿ ಒಂದೇ ಕಡೆ ತಂಗುತ್ತಾರೆ. ಕಟ್ಟಳೆಯ ಇನ್ನೊಂದು ಮಾತೂ ಮುಖ್ಯ. ಹಣಕ್ಕೆ ಊರನ್ನು ಗೊತ್ತುಮಾಡಿದ ಅರಸ ಪೂಜೆಯ ಹೊಣೆಯನ್ನು ಅಲ್ಲಿಗೇ ಬಿಡದೆ ನಾಡಿನವರ, ಊರಿನವರ ಮೇಲೂ ಹಾಕಿದ. ದತ್ತಿ ತಪ್ಪಿದರೂ ಜನ ಇದ್ದರೆ ಪೂಜೆ ನಡೆಯುತ್ತದೆ, ಜನ ಹೋದರೆ ತಾಮ್ರಪಟ ಇದ್ದೂ ಇಲ್ಲದಂತೆ. ಹಲಸಿಯಲ್ಲಿ ಮುಂದೆ ಆದದ್ದೂ ಇದೇ. ಯಾಪನೀಯ ಪಂಥ ಕಾಲಕ್ರಮದಲ್ಲಿ ಇಲ್ಲವಾಯಿತು. ಊರಿನಲ್ಲಿ ಉಳಿದ ಹಳೆಯ ಬಸದಿ ಹಾಳುಬಿದ್ದಿದೆ. ಆದರೆ ರವಿವರ್ಮ ಗೊತ್ತುಮಾಡಿದ ಎಂಟು ದಿನದ ಹಬ್ಬ ಜೈನರಲ್ಲಿ ಅಳಿದಿಲ್ಲ. ಅಷ್ಟಾಹ್ನಿಕ ಪರ್ವವೆಂಬ ಹೆಸರಿನಲ್ಲಿ ಕಾರ್ತಿಕ, ಫಾಲ್ಗುಣ, ಆಷಾಢ ಮಾಸಗಳಲ್ಲಿ ಹುಣ್ಣಿಮೆಗೆ ಮುಗಿಯುವ ಎಂಟು ದಿನ ದಿಗಂಬರ ಜೈನರು ಅದನ್ನು ಆಚರಿಸುತ್ತಾರೆ. ಮುನಿಗಳ ಚಾತುರ್ಮಾಸವೂ ಬೆಳಗಾವಿ ಸೀಮೆಯ ಜೈನ ಸಮಾಜಕ್ಕೆ ಇಂದಿಗೂ ದೊಡ್ಡ ಸಂಭ್ರಮ.

ಆರನೆಯ ಶತಮಾನದ ನಡುವಿನಲ್ಲಿ ಬಾದಾಮಿ ಚಾಲುಕ್ಯರ ಏಳಿಗೆಯೊಂದಿಗೆ ಬನವಾಸಿ ಕದಂಬರ ಸ್ವತಂತ್ರ ಆಳ್ವಿಕೆ ಮುಗಿಯಿತು. ಅದೇ ಕುಲನಾಮ ಹೊತ್ತ ಗೋವೆಯ ಕದಂಬರು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಕಾಣಿಸಿಕೊಂಡರು. ಚಂದ್ರಪುರ, ಆಮೇಲೆ ಗೋಪಕಪಟ್ಟಣ ಅವರ ಮುಖ್ಯ ರಾಜಧಾನಿಗಳು. ಘಟ್ಟದ ಮೇಲಿನ ಆಡಳಿತಕ್ಕೆ ಪಲಸಿಗೆ. 12ನೆಯ ಶತಮಾನದ ನಡುವಿನಿಂದ ಪೆರ್ಮಾಡಿ ಮತ್ತು ವಿಜಯಾದಿತ್ಯ ಎಂಬ ಅಣ್ಣತಮ್ಮಂದಿರು ಜೊತೆಯಾಗಿ ಆಳಿದರು. ಅಣ್ಣನ ಬಿರುದು ಶಿವಚಿತ್ತ, ತಮ್ಮನದು ವಿಷ್ಣುಚಿತ್ತ. ಮನೆದೇವರು ಸಪ್ತಕೋಟೀಶ್ವರ. ಶಿವನ ಹೆಸರು ಹೊತ್ತ ಅಣ್ಣನೇ ಹಲಸಿಯ ನರಸಿಂಹನಿಗೆ ದತ್ತಿ ಬಿಟ್ಟದ್ದು ಈ ಮನೆತನದ ಧರ್ಮದೃಷ್ಟಿಗೆ ಸಾಕ್ಷಿ.

ನರಸಿಂಹ ಗುಡಿಯ ಶಿಲಾಶಾಸನದಲ್ಲಿರುವ ಕಾಲ ಕಲಿಯುಗದ 4270ನೆಯ ವರ್ಷ. ಅದರಲ್ಲಿ 3101 ಕಳೆದರೆ ಕ್ರಿ.ಶ. 1169 ಬರುತ್ತದೆ. ಕರ್ನಾಟಕದ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಶಕವರ್ಷ. ಕಲಿವರ್ಷದಲ್ಲಿ ಕಾಲ ಹೇಳುವುದು ಗೋವೆಯ ಕದಂಬರ ಒಂದು ವಿಶೇಷ. ಮಾತಾಯೋಗಿ ಎಂಬಾತ ಪಲಸಿಗೆಯಲ್ಲಿ ಅನಂತ ವೀರವಿಕ್ರಮ ನರಸಿಂಹನನ್ನು ಪ್ರತಿಷ್ಠಾಪಿಸಿದ್ದನ್ನೂ ಆ ದೇವರಿಗೆ ಶಿವಚಿತ್ತ ಪೆರ್ಮಾಡಿ ದಾನ ಕೊಟ್ಟದ್ದನ್ನೂ ಶಾಸನ ಹೇಳುತ್ತದೆ. ಎರಡು ವರ್ಷಗಳ ಮೇಲೆ ವಿಷ್ಣುಚಿತ್ತ ವಿಜಯಾದಿತ್ಯನೂ ಅದೇ ದೇವರಿಗೆ ದತ್ತಿ ಸೇರಿಸಿದ. ಎದುರಿನ ಭೂವರಾಹಸ್ವಾಮಿಯ ಪ್ರತಿಷ್ಠೆ 1186-87ರಲ್ಲಿ, ವಿಜಯಾದಿತ್ಯನ ಕೊನೆಗಾಲದಲ್ಲಿ ಆಯಿತು. ಎಂದರೆ ಈಗ ಒಂದೇ ಗುಡಿಯಾಗಿ ಕಾಣುವುದು ಒಂದೇ ಸಲಕ್ಕೆ ಪೂರ್ಣಗೊಂಡದ್ದಲ್ಲ. ನರಸಿಂಹ ಬಂದು ಹದಿನೇಳು ವರ್ಷಗಳ ಮೇಲೆ ವರಾಹ ಬಂದ.

ದೇವಸ್ಥಾನದ ಸುತ್ತ ಕಲ್ಲಿನ ಪ್ರಾಕಾರವಿದೆ. ಒಳಗಿನ ವಿಶಾಲ ಅಂಗಳದ ನಡುವೆ ಮುಖ್ಯ ಗುಡಿ. ಅದರ ವಿನ್ಯಾಸದಲ್ಲಿ ಮೊದಲು ಕಣ್ಣಿಗೆ ಬೀಳುವ ಸಂಗತಿ, ಎರಡು ಗರ್ಭಗುಡಿಗಳು ಎದುರುಬದುರಾಗಿರುವುದು. ನಡುವೆ ಕಂಬಗಳ ಮಂಟಪ ಎರಡಕ್ಕೂ ಸೇರಿದ್ದು. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಶಿಖರ. ಅಡ್ಡ ಪಟ್ಟಿಕೆಗಳನ್ನು ಒಂದರ ಮೇಲೊಂದು ಪೇರಿಸಿ ತುದಿಗೆ ಕಲಶವಿಡುವ ಈ ಬಗೆಯನ್ನು ಕದಂಬ ಶೈಲಿಯೆಂದು ಗುರುತಿಸುತ್ತಾರೆ. 1931ರಲ್ಲಿ ಪ್ರಕಟವಾದ ‘ದಿ ಕದಂಬ ಕುಲ’ ಗ್ರಂಥದಲ್ಲಿ ಜಾರ್ಜ್ ಮೊರೆಸ್ ಕದಂಬ ವಾಸ್ತುವಿನ ಬೆಳವಣಿಗೆಯನ್ನು ವಿವರಿಸುವಾಗ ಹಲಸಿಯ ಗುಡಿಗಳನ್ನು ಮುಖ್ಯ ಉದಾಹರಣೆಗಳಾಗಿ ತೆಗೆದುಕೊಂಡಿದ್ದಾರೆ. ಕೆತ್ತನೆಯ ಸಿರಿ ಬೇಕೆನ್ನುವವರು ಕಿತ್ತೂರಿನ ಹತ್ತಿರದ ದೇಗಾವಿಗೆ ಹೋಗಬೇಕು. ಪೆರ್ಮಾಡಿಯ ರಾಣಿ ಕಮಲಾದೇವಿ ಅಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಲ್ಲಿ ಕಂಬದಿಂದ ಮಾಡಿನವರೆಗೆ ಉಳಿ ಆಡಿದೆ. ಅದೇ ಕಾಲದ, ಅದೇ ಮನೆತನದ ಹಲಸಿಯ ಗುಡಿ ಅದರ ಮುಂದೆ ಬಹಳ ಸರಳ. ಇದರ ಹೆಚ್ಚುಗಾರಿಕೆ ಇರುವುದು ಮೂರ್ತಿಗಳಲ್ಲಿ.

ಒಂದು ಗರ್ಭಗುಡಿಯಲ್ಲಿ ಕುಳಿತ ಭಂಗಿಯ ವಿಷ್ಣು, ಸುಮಾರು ನಾಲ್ಕು ಅಡಿ ಎತ್ತರ. ಹಿಂಬದಿಗೆ ಸೂರ್ಯನಾರಾಯಣ ಮತ್ತು ಮಹಾಲಕ್ಷ್ಮಿ. ನರಸಿಂಹನ ಹೆಸರಿನ ಗುಡಿಯಲ್ಲಿ ಎದ್ದು ಕಾಣುವ ಮೂರ್ತಿ ಶಾಂತ ನಾರಾಯಣನದು. ಭಕ್ತರು ಸ್ವಯಂಭೂ ಎಂದು ನಂಬುವ ಉಗ್ರ ನರಸಿಂಹ ಬಲು ಸಣ್ಣ ಮೂರ್ತಿ. ಗೊತ್ತಿದ್ದವರು ಬೆರಳು ಮಾಡಿ ತೋರಿಸಿದರಷ್ಟೇ ಹೊಸಬರ ಕಣ್ಣಿಗೆ ಸಿಗುತ್ತದೆ. ಎದುರಿನ ಗರ್ಭಗುಡಿಯಲ್ಲಿ ಭೂವರಾಹ ನಿಂತಿದ್ದಾನೆ, ಸುಮಾರು ಐದು ಅಡಿ. ಮೈ ಮನುಷ್ಯನದು, ಮುಖ ವರಾಹನದು. ಪಾತಾಳದಿಂದ ಮೇಲೆತ್ತಿ ತಂದ ಭೂದೇವಿ ಅವನ ಕೋರೆಯ ಬಳಿ ಪುಟ್ಟದಾಗಿ ಕಾಣುತ್ತಾಳೆ. ಇಡೀ ಭೂಮಿಯನ್ನು ಅಷ್ಟು ಚಿಕ್ಕದಾಗಿ ಕಡೆದ ಶಿಲ್ಪಿ ವರಾಹನ ಗಾತ್ರವನ್ನು ಹೇಳಿದ್ದು ಅವಳ ಅಳತೆಯಿಂದಲೇ. ವರಾಹ ಚಾಲುಕ್ಯರ ಲಾಂಛನವೂ ಹೌದು. ಅವರ ಸಾಮಂತರಾಗಿದ್ದ ಗೋವೆಯ ಕದಂಬರ ಸ್ವಂತ ಲಾಂಛನ ಸಿಂಹ. ಒಂದೇ ಮಾಡಿನಡಿ ನರಸಿಂಹ ಮತ್ತು ವರಾಹರನ್ನು ನೋಡುವ ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಎರಡು ಲಾಂಛನಗಳೂ ನೆನಪಾಗುತ್ತವೆ.

ದೇವರು ಎದುರುಬದುರಾಗಿರುವುದರಿಂದ ದರ್ಶನದ ಕ್ರಮವೂ ಬೇರೆಯಾಗುತ್ತದೆ. ಸಾಮಾನ್ಯ ಗುಡಿಯಲ್ಲಿ ಗರ್ಭಗುಡಿಯ ಮುಂದೆ ನಿಂತವರ ಬೆನ್ನ ಹಿಂದೆ ಬಾಗಿಲು, ಅಂಗಳ, ಬೆಳಕು. ಇಲ್ಲಿ ಒಬ್ಬ ದೇವರ ಮುಂದೆ ನೇರ ನಿಂತರೆ ಇನ್ನೊಬ್ಬ ದೇವರು ಬೆನ್ನ ಹಿಂದೆ. ಕೈಮುಗಿಯುವವರು ಒಂದಿಷ್ಟು ಮಗ್ಗುಲಿಗೆ ಸರಿದು ನಿಲ್ಲುತ್ತಾರೆ, ಒಂದು ಕಡೆ ನಮಸ್ಕಾರ ಮುಗಿಸಿ ಇನ್ನೊಂದು ಕಡೆ ತಿರುಗುತ್ತಾರೆ. ಹೊರಗಿನಿಂದ ಪ್ರದಕ್ಷಿಣೆ ಹಾಕಿದರೆ ಒಂದೇ ಸುತ್ತಿನಲ್ಲಿ ಇಬ್ಬರಿಗೂ ಸಲ್ಲುತ್ತದೆ. ಅಂಗಳದಲ್ಲಿ ಗಣಪತಿ, ಶಿವ, ವಿಠ್ಠಲರ ಚಿಕ್ಕ ಗುಡಿಗಳೂ ಇರುವುದರಿಂದ ಊರವರು ಪೂಜಿಸುವ ದೇವರುಗಳೆಲ್ಲ ಒಂದೇ ಪ್ರಾಕಾರದೊಳಗೆ ಸಿಗುತ್ತಾರೆ.

ಅಭಿಷೇಕ, ಅಲಂಕಾರ, ನೈವೇದ್ಯ, ಮಂಗಳಾರತಿ, ತೀರ್ಥಪ್ರಸಾದ ಎಂಬ ವಿಷ್ಣು ಗುಡಿಗಳ ಕ್ರಮವೇ ಇಲ್ಲಿನ ಪೂಜೆಯದೂ. ಭಕ್ತರ ಕೈಯಲ್ಲಿ ಕಾಯಿ, ಹೂವು, ತುಳಸಿ. ನರಸಿಂಹನ ಆರಾಧಕರಿಗೆ ವರ್ಷದ ದೊಡ್ಡ ದಿನ ವೈಶಾಖ ಶುದ್ಧ ಚತುರ್ದಶಿ. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ದೇವರು ಕಂಬದಿಂದ ಹೊರಬಂದನೆಂಬ ಪುರಾಣದಂತೆ ಜಯಂತಿಯ ಪೂಜೆಗೆ ಮುಸ್ಸಂಜೆಯೇ ಮುಖ್ಯ. ವೈಶಾಖದ ಬಿಸಿಲಿಗೆ ಹೊಂದುವಂತೆ ಪಾನಕ, ಕೋಸಂಬರಿ ಆ ದಿನದ ಪ್ರಸಾದ. ವರಾಹ ಜಯಂತಿ ಬರುವುದು ಭಾದ್ರಪದ ಶುದ್ಧ ತದಿಗೆಯಂದು, ಗಣೇಶ ಚೌತಿಯ ಮುನ್ನಾದಿನ. ಕಾರ್ತಿಕ ಮಾಸದಲ್ಲಿ ಕರ್ನಾಟಕದ ಗುಡಿಗಳಲ್ಲೆಲ್ಲ ದೀಪದ ಸೇವೆ. ಹಲಸಿಯ ಮಟ್ಟಿಗೆ ಆ ಮಾಸದ ಹಬ್ಬಕ್ಕೆ ಒಂದೂವರೆ ಸಾವಿರ ವರ್ಷದ ಹಿಂದಿನ ರಾಜಾಜ್ಞೆಯೇ ಇದೆ. ಅದು ಜಿನಾಲಯಕ್ಕೆ ಸೇರಿದ್ದು ಎಂಬುದಷ್ಟೇ ವ್ಯತ್ಯಾಸ.

ಗುಡಿಗೆ ಬರುವವರ ಭಾಷೆಗಳೂ ಈ ಸೀಮೆಯನ್ನು ಪರಿಚಯಿಸುತ್ತವೆ. ಖಾನಾಪುರ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಘಟ್ಟದ ಕೆಳಗಿನಿಂದ ಬರುವವರದು ಕೊಂಕಣಿ. ನರಸಿಂಹ ಮನೆದೇವರಾದ ಕುಟುಂಬಗಳು ಮೂರೂ ಭಾಷೆಯವರಲ್ಲಿವೆ. ಮದುವೆ, ಮುಂಜಿ, ಕೂಸಿನ ಜವಳ ಎಂದರೆ ಮನೆದೇವರಿಗೆ ಹೋಗಿಬರುವುದು ಈ ಭಾಗದ ಸಂಪ್ರದಾಯ. ವಾರಕರಿ ಪಂಥದ ಪ್ರಭಾವವೂ ಇಲ್ಲಿ ಗಾಢ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ದಿಂಡಿ ಹೊರಡುವ ನಾಡಿನಲ್ಲಿ ನರಸಿಂಹನ ಅಂಗಳದಲ್ಲೇ ವಿಠ್ಠಲನಿಗೂ ಜಾಗ ಸಿಕ್ಕಿದ್ದು ಆಶ್ಚರ್ಯವಲ್ಲ.

ಭೂವರಾಹ ನರಸಿಂಹನನ್ನು ಕಂಡು ಹಿಂದಿರುಗುವವರೇ ಹೆಚ್ಚು. ಹಲಸಿಯಲ್ಲಿ ಅದಲ್ಲದೆ ಶಿವನ ಗುಡಿಗಳು ಹಲವಿವೆ: ಕಪಿಲೇಶ್ವರ, ಸುವರ್ಣೇಶ್ವರ, ಹಾಟಕೇಶ್ವರ, ಗೋಕರ್ಣೇಶ್ವರ, ಕಲ್ಮೇಶ್ವರ. ಕೆಲವು ಶಿಥಿಲ, ಕೆಲವಕ್ಕೆ ದೀಪ ಕಾಣುವ ಭಾಗ್ಯ ಉಳಿದಿದೆ. ಕಲ್ಮೇಶ್ವರ, ಹಾಟಕೇಶ್ವರ ಮತ್ತು ಹಾಳು ಬಸದಿಯನ್ನು ಮೊರೆಸ್ ಕದಂಬ ವಾಸ್ತುವಿನ ಆರಂಭದ ಹಂತಕ್ಕೆ ಸೇರಿಸಿದ್ದಾರೆ. ನರಸಿಂಹ ಗುಡಿಗೆ ಮೊದಲು ಇವನ್ನು ನೋಡಿದರೆ ಸಣ್ಣ ಗರ್ಭಗುಡಿ, ಅದರ ಮೇಲೆ ಪೇರಿಸಿದ ಚಪ್ಪಡಿಗಳಷ್ಟೇ ಇದ್ದ ಕಟ್ಟಡ ಕ್ರಮೇಣ ಮಂಟಪ, ಶಿಖರ, ಪ್ರಾಕಾರಗಳ ದೇವಸ್ಥಾನವಾಗಿ ಬೆಳೆದ ಬಗೆ ತಿಳಿಯುತ್ತದೆ. ಊರ ಹತ್ತಿರದ ಗುಡ್ಡದ ಮೇಲೆ ರಾಮತೀರ್ಥ, ಅಲ್ಲಿ ರಾಮೇಶ್ವರ ಗುಡಿ. ಮೇಲಿನಿಂದ ಹಲಸಿಯ ಗದ್ದೆಬಯಲು, ಅದರಾಚೆಯ ಕಾಡು ಒಟ್ಟಿಗೆ ಕಾಣುತ್ತವೆ.

ಭೂವರಾಹ ನರಸಿಂಹ ದೇವಸ್ಥಾನ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯದ ರಕ್ಷಣೆಯಲ್ಲಿದೆ. ರಕ್ಷಿತ ಸ್ಮಾರಕಗಳಲ್ಲಿ ಪೂಜೆ ನಿಂತವು ಬಹಳ, ನಡೆಯುತ್ತಿರುವವು ಕೆಲವು. ಹಲಸಿ ಎರಡನೆಯ ಗುಂಪಿನದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಆರಾಧನಾ ಸ್ಥಳವಾಗಿರುವ ರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸುವಂತಿಲ್ಲ. ಕಲ್ಲಿನ ಕಾಳಜಿಗೂ ಪೂಜೆಯ ರೂಢಿಗೂ ಕೆಲವೊಮ್ಮೆ ತಿಕ್ಕಾಟ ಬರುವುದುಂಟು. ಎಣ್ಣೆ, ಹೊಗೆ, ಸುಣ್ಣ, ಹೊಸ ಚಪ್ಪರಗಳನ್ನು ಸಂರಕ್ಷಕರು ಒಪ್ಪುವುದಿಲ್ಲ. ದೀಪ, ಧೂಪ, ಅಭಿಷೇಕಗಳಿಲ್ಲದ ಗುಡಿಯನ್ನು ಭಕ್ತರು ಗುಡಿಯೆನ್ನುವುದಿಲ್ಲ. ದಿನದಿನದ ಪೂಜೆ ನಡೆಯುವ ರಕ್ಷಿತ ಗುಡಿಗಳಲ್ಲೆಲ್ಲ ಈ ಎರಡನ್ನೂ ಸರಿದೂಗಿಸಬೇಕಾಗುತ್ತದೆ.

ಹಲಸಿಗೆ ಹೋಗಲು ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ದಿನಗಳು ಹಿತ. ಜೂನ್‌ನಿಂದ ಸೆಪ್ಟೆಂಬರಿನ ತನಕ ಹಸಿರು ನೋಡಲು ಚೆಂದ, ಆದರೆ ಹಳೆಯ ಗುಡಿಗಳನ್ನು ಸುತ್ತಲು ಮಳೆ ಬಿಡುವುದಿಲ್ಲ. ಬೆಳಗಾವಿಯಿಂದ ಬೆಳಗ್ಗೆ ಹೊರಟವರು ನಂದಗಡ, ಹಲಸಿ, ರಾಮತೀರ್ಥಗಳನ್ನು ನೋಡಿಕೊಂಡು ಸಂಜೆಯೊಳಗೆ ಮರಳಬಹುದು. ಇನ್ನೊಂದು ದಿನ ಕೈಯಲ್ಲಿದ್ದರೆ ಕಿತ್ತೂರು ಮತ್ತು ದೇಗಾವಿಯನ್ನು ಸೇರಿಸಿಕೊಳ್ಳಬಹುದು. ಗೋವೆಯ ಕದಂಬರ ಕಾಲದ ಚಿತ್ರ ಪೂರ್ಣವಾಗುವುದು ಹಲಸಿ ಮತ್ತು ದೇಗಾವಿಯ ಗುಡಿಗಳನ್ನು ಜೊತೆಗಿಟ್ಟು ನೋಡಿದಾಗ.

ಮೃಗೇಶವರ್ಮನ 33 ನಿವರ್ತನ, ಪಂಡರ ಭೋಜಕನ 15 ನಿವರ್ತನ, ಪುರುಖೇಟಕದ ಆದಾಯ, ಪೆರ್ಮಾಡಿಯ ದತ್ತಿ ಇವು ಯಾವುವೂ ಇಂದು ಹಲಸಿಯ ದೇವರಿಗೆ ಬರುತ್ತಿಲ್ಲ. ಜಿನಾಲಯಗಳಿಗೆ ದತ್ತಿಯೂ ಹೋಯಿತು, ಪೂಜಿಸುವ ಸಮುದಾಯವೂ ಊರಿನಲ್ಲಿ ಉಳಿಯಲಿಲ್ಲ, ಪೂಜೆ ನಿಂತಿತು. ನರಸಿಂಹನಿಗೂ ಭೂವರಾಹನಿಗೂ ಅರಸರ ದತ್ತಿ ಹೋದ ಮೇಲೂ ಜನ ಉಳಿದರು. ಹಳ್ಳಿಗರೂ ಪಟ್ಟಣಿಗರೂ ಸೇರಿ ಪೂಜೆ ನಡೆಸಬೇಕೆಂದು ರವಿವರ್ಮ ಜಿನೇಂದ್ರನಿಗಾಗಿ ಹಾಕಿದ ಕಟ್ಟಳೆ ಹಲಸಿಯಲ್ಲಿ ಜಾರಿಯಲ್ಲಿರುವುದು ಈಗ ಈ ಗುಡಿಯಲ್ಲಿ.